ಪಾಸ್‌ದಾರರು ಖುದ್ದಾಗಿ ಹಾಜರಾಗತಕ್ಕದ್ದು

ಹನ್ನೆರಡಕ್ಕ ಸತ್ತ ಮಾರನೆಯ ದಿನ ನಾಲ್ವರು ಗಂಡಸರು ಸ್ಮಶಾನದ ಮೂರು ಮೆಟ್ಟಿಲುಗಳ ಬುಡದಲ್ಲಿ ಏಳು ನಿಮಿಷ ಸುಮ್ಮನೆ ನಿಂತಿದ್ದರು. ಏಳು ಎಂದು ಅಂದಾಜಿಗೆ ಹೇಳುತ್ತಿಲ್ಲ, ಗಡಿಯಾರ ನೋಡಿಕೊಂಡಿದ್ದೆ. ದೇಹ ಗಾಲಿಯ ಮಂಚದ ಮೇಲಿತ್ತು. ಮೆಟ್ಟಿಲು ಬಂದಲ್ಲಿಗೆ ಗಾಲಿಯ ಕೆಲಸ ಮುಗಿದಿತ್ತು, ಇನ್ನು ಎತ್ತಬೇಕು. ಆದರೆ ನಾಲ್ವರೂ ನಮ್ಮ ಸಂಘದವರು, ಅವಳನ್ನು ಕೇಳದೆ ಎತ್ತಲು ಹೋದವರ ಗತಿ ಏನಾಯಿತೆಂದು ಕಣ್ಣಾರೆ ಕಂಡವರು. ಅವರಲ್ಲೊಬ್ಬ ಅಭ್ಯಾಸಬಲದಿಂದ ಬಗ್ಗಿ, "ಎತ್ತಬಹುದಾ ಅಕ್ಕಾ?" ಎಂದು ಕೇಳಿಯೂಬಿಟ್ಟ. ಉತ್ತರ ಬರಲಿಲ್ಲ. ಸಂಘದ ನಿಯಮದಂತೆ ಉತ್ತರ ಬರದಿದ್ದರೆ ಬೇಡ ಎಂದೇ ಅರ್ಥ. ಆದ್ದರಿಂದ ನಿಂತೇ ಇದ್ದರು.

ಕೊನೆಗೆ ದರ್ಜಿ ಮುಂದೆ ಬಂದು, "ಎತ್ರಪ್ಪಾ. ಬೈದರೆ ನನಗೆ ಬೈತಾಳೆ," ಎಂದಳು. ಆಗ ಎತ್ತಿದರು.

ಹನ್ನೆರಡಕ್ಕ ಎಂಬುದು ಅವಳ ತಂದೆತಾಯಿ ಇಟ್ಟ ಹೆಸರಲ್ಲ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. "ಒಂದಕ್ಕೆ ಹನ್ನೆರಡು" ಎಂದು ಅವಳು ಕಂಡಕಂಡ ಕಚೇರಿ, ಅಂಗಡಿ, ಆಸ್ಪತ್ರೆಗಳ ಬಾಗಿಲಲ್ಲಿ ಹೇಳುತ್ತ ಬಂದದ್ದರಿಂದ ಜನರ ಬಾಯಲ್ಲಿ ಆ ಹೆಸರು ನಿಂತಿತು. ಅವಳಿಗೂ ಅದು ಇಷ್ಟವಾಗಿತ್ತು. "ಇಲಾಖೆ ನಮಗೆ ಮೂರು ಸಲ ಹೆಸರು ಬದಲಾಯಿಸಿದೆ. ಮೆಟ್ಟಿಲು ಒಂದು ಸಲವೂ ಬದಲಾಯಿಸಿಲ್ಲ. ಹೆಸರು ಏನಾದರೂ ಇಟ್ಕೊಳ್ಳಿ," ಎನ್ನುತ್ತಿದ್ದಳು.

ನನಗೆ ಅವಳ ಪರಿಚಯವಾದದ್ದು ಹತ್ತೊಂಬತ್ತು ವರ್ಷದ ಹಿಂದೆ. ಆಗ ನಾನು ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ಗಾಲಿಕುರ್ಚಿ ಬಂದು ನಿಂತಿತು.

"ರಸಮಟ್ಟ ಇದೆಯಾ?"

"ಇದೆ. ಯಾವ ಪ್ರಯೋಗಕ್ಕೆ?"

"ನಿಮ್ಮ ಮುಂಬಾಗಿಲಿಗೆ. ಅಲ್ಲಿರೋದು ಇಳಿಜಾರಾ ಜಾರುಬಂಡೆನಾ ಅಂತ ನನಗೂ ನಿಮ್ಮ ಪ್ರಿನ್ಸಿಪಾಲರಿಗೂ ವಾದ ಬಿದ್ದಿದೆ."

ರಸಮಟ್ಟ, ದಾರ, ಅಳತೆಪಟ್ಟಿ ತೆಗೆದುಕೊಂಡು ಹೋಗಿ ಅಳೆದೆ. "ಒಂದಕ್ಕೆ ನಾಲ್ಕು ಪಾಯಿಂಟ್ ಒಂದು," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆ ಪಾಯಿಂಟ್ ಒಂದನ್ನ ನುಂಗದೆ ಹೇಳಿದೆಯಲ್ಲ. ನೀನು ನನಗೆ ಬೇಕು ಕಣೇ," ಎಂದಳು. ಅಂದಿನಿಂದ ಸಂಘದಲ್ಲಿ ನನ್ನ ಹೆಸರು ಟೇಪು. ಎಲ್ಲೇ ಸಭೆಯಿರಲಿ, ನಾವಿಬ್ಬರೂ ಮೊದಲು ಹೋಗಿ ಜಾಗ ಪರೀಕ್ಷಿಸುತ್ತಿದ್ದೆವು. ಕೆಲಸದ ಹಂಚಿಕೆ ಹತ್ತೊಂಬತ್ತು ವರ್ಷ ಒಂದೇ ಆಗಿತ್ತು. "ನೀನು ಅಳೆ, ನಾನು ಹೋಗಿ ನೋಡ್ತೀನಿ," ಎನ್ನುತ್ತಿದ್ದಳು. ನಾನು ಬಾಗಿಲ ಅಗಲ ಬರೆದುಕೊಳ್ಳುವಷ್ಟರಲ್ಲಿ ಅವಳು ಆ ಬಾಗಿಲನ್ನು ದಾಟಿ, ತಿರುಗಿ, ಕಕ್ಕಸಿನೊಳಗೆ ಹೋಗಿ, ಅಲ್ಲಿ ಸಿಕ್ಕಿಕೊಂಡು, ಕೂಗಾಡಿ, ಹೊರಗೆ ಬಂದಿರುತ್ತಿದ್ದಳು.

ಸಂಘ ಹುಟ್ಟಿದ ಕಥೆ ವಿಚಿತ್ರವಾದದ್ದು. ಮೊದಲು ಇದ್ದದ್ದು ಎರಡು ಗುಂಪು. ಒಂದು ಅಂಗವಿಕಲರದು, ಶಾಲೆಯೊಂದರ ನೆಲಮಹಡಿಯಲ್ಲಿ ಶನಿವಾರ ಸೇರುತ್ತಿತ್ತು. ಇನ್ನೊಂದರಲ್ಲಿ ಹೆಣ್ಣನ್ನು ಮೆಚ್ಚಿದ ಹೆಣ್ಣುಗಳು, ಗಂಡನ್ನು ಮೆಚ್ಚಿದ ಗಂಡುಗಳು, ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳುತ್ತಿದ್ದವರು. ಅವರು ಭಾನುವಾರ ಒಂದು ಕ್ಷೌರದಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ, ಗುಟ್ಟಾಗಿ ಸೇರುತ್ತಿದ್ದರು. ಹನ್ನೆರಡಕ್ಕ ಎರಡು ಗುಂಪಿಗೂ ಸೇರಿದವಳು. ಮೊದಲನೆಯದರಲ್ಲಿ ತನ್ನ ಮನಸ್ಸಿನ ವಿಷಯ ಎತ್ತುವಂತಿರಲಿಲ್ಲ. ಎರಡನೆಯದಕ್ಕೆ ಹತ್ತುವಂತಿರಲಿಲ್ಲ.

ಹಾಗಾಗಿ ಒಂದಿಡೀ ವರ್ಷ ಅವಳು ಆ ಗುಟ್ಟಿನ ಸಭೆಯಲ್ಲಿ ಬೀದಿಯಿಂದಲೇ ಭಾಗವಹಿಸಿದಳು. ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಚರ್ಚೆಯ ಚೀಟಿ ಇಳಿಯುತ್ತಿತ್ತು. ಓದಿ, ಉತ್ತರ ಬರೆದು, ಹಗ್ಗ ಎಳೆದರೆ ಬುಟ್ಟಿ ಮೇಲೆ ಹೋಗುತ್ತಿತ್ತು. ಅಕ್ಷರ ಅರ್ಥವಾಗದಿದ್ದರೆ ಮೇಲಿನವರು ಕಿಟಕಿಯಿಂದ ತಲೆ ಹಾಕಿ ಕೇಳುತ್ತಿದ್ದರು, ಇವಳು ಕೆಳಗಿನಿಂದ ಕೂಗಿ ಹೇಳುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಆ ಗುಟ್ಟು ಗೊತ್ತಿಲ್ಲದವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಎದುರಿನ ಅಂಗಡಿಯವನಂತೂ ಬುಟ್ಟಿ ತಡವಾದರೆ, "ಏನ್ರೀ, ಇವತ್ತು ಒಮ್ಮತ ಬರಲಿಲ್ಲವಾ?" ಎಂದು ವಿಚಾರಿಸುತ್ತಿದ್ದ. ಕೊನೆಗೆ ಮೇಲಿನವರು, ಇಷ್ಟಾದ ಮೇಲೆ ಇನ್ನೇನು ಎಂದುಕೊಂಡು, ಒಂದು ಭಾನುವಾರ ಬುಟ್ಟಿಯ ಹಿಂದೆಯೇ ಇಳಿದು ಬಂದರು. ಶನಿವಾರದವರನ್ನೂ ಇವಳು ಕರೆಸಿದ್ದಳು.

"ನಿಮ್ಮಿಬ್ಬರದೂ ಒಂದೇ ಕಾಯಿಲೆ," ಎಂದಳಂತೆ. "ಬಾಗಿಲು. ಇವರನ್ನ ಹೊರಗಿನವರು ಒಳಗೆ ಬಿಡಲ್ಲ. ಅವರನ್ನ ಒಳಗಿನವರು ಹೊರಗೆ ಬಿಡಲ್ಲ. ಬೇರೆಬೇರೆ ಸಂಘ ಯಾಕೆ, ಬಾಡಿಗೆ ದಂಡ."

ಹೊಸ ಸಂಘಕ್ಕೆ ಅವಳು ಮೂರೇ ನಿಯಮ ಇಟ್ಟಳು. ಕೇಳದೆ ಯಾರನ್ನೂ ಎತ್ತಬಾರದು. ಕೊನೆಯವರು ಒಳಗೆ ಬರುವ ತನಕ ಸಭೆ ಶುರುವಾಗಬಾರದು. ತೋರಿಸಿದ್ದನ್ನು ಬಾಯಲ್ಲಿ ಹೇಳಬೇಕು, ಏಕೆಂದರೆ ಸಂಘದಲ್ಲಿ ಕಣ್ಣು ಕಾಣದವರು ಏಳು ಜನರಿದ್ದರು.

ಇನ್ನು ದರ್ಜಿಯ ವಿಷಯ. ಅವಳು ಗಾಲಿಕುರ್ಚಿಯ ದಿಂಬು ಹೊಲಿದುಕೊಡಲು ಬಂದವಳು. ಬಂದಾಗ ಹನ್ನೆರಡಕ್ಕನ ಪ್ಯಾಂಟು ಬೆನ್ನ ಹಿಂದೆ ಜಾರಿ, ಹೊಟ್ಟೆಯ ಬಳಿ ಗಂಟಾಗಿದ್ದುದನ್ನು ಕಂಡು, "ಇದನ್ನ ಹೊಲಿದೋನು ನಿಮ್ಮನ್ನ ನಿಂತಿರೋ ಮನುಷ್ಯಳು ಅಂದ್ಕೊಂಡಿದಾನೆ," ಎಂದಳು. ಕೂತಿರುವಂತೆಯೇ ಅಳತೆ ತೆಗೆದುಕೊಂಡು, ಹಿಂದೆ ಎತ್ತರ, ಮುಂದೆ ಗಿಡ್ಡ ಕತ್ತರಿಸಿ, ಮೂರನೆಯ ದಿನ ತಂದುಕೊಟ್ಟಳು. ಹನ್ನೆರಡಕ್ಕನಿಗೆ ಆಗ ನಲವತ್ತು. ನಲವತ್ತು ವರ್ಷದಲ್ಲಿ ಮೈಗೆ ಸರಿಯಾಗಿ ಕೂತ ಮೊದಲ ಬಟ್ಟೆ ಅದು. ಮೂರು ತಿಂಗಳಲ್ಲಿ ದರ್ಜಿ ಹೊಲಿಗೆಯಂತ್ರದ ಸಮೇತ ಅವಳ ಮನೆಗೆ ಬಂದಳು. ಹದಿನೆಂಟು ವರ್ಷ ಅಲ್ಲೇ ಇದ್ದಳು, ಈಗಲೂ ಅಲ್ಲೇ ಇದ್ದಾಳೆ.

ಅಂಗವಿಕಲರಿಗೆ ಬಸ್ಸಿನ ಉಚಿತ ಪಾಸು ಕೊಡುತ್ತಾರೆ. ಒಬ್ಬರನ್ನು ಜೊತೆಗೆ ಕರೆದೊಯ್ಯಲೂ ಅವಕಾಶವಿದೆ. ಆ ಅರ್ಜಿಯಲ್ಲಿ 'ಜೊತೆಯಲ್ಲಿ ಬರುವವರ ಸಂಬಂಧ' ಎಂಬ ಕಲಮಿನಲ್ಲಿ ತಾಯಿ, ತಂದೆ, ಗಂಡ, ಹೆಂಡತಿ, ಮಗ, ಮಗಳು ಎಂದು ಅಚ್ಚಾಗಿ, ಕೊನೆಗೆ 'ಇತರೆ, ವಿವರಿಸಿ' ಎಂದಿತ್ತು. ವಿವರಿಸಲು ಬಿಟ್ಟ ಜಾಗ ನಾಲ್ಕೂವರೆ ಸೆಂಟಿಮೀಟರ್. ಹನ್ನೆರಡಕ್ಕ ಅಲ್ಲಿ 'ಹೆಚ್ಚುವರಿ ಹಾಳೆ ನೋಡಿ' ಎಂದು ಬರೆದು ಹನ್ನೊಂದು ಪುಟ ಲಗತ್ತಿಸಿದಳು. ದಿಂಬಿನಿಂದ ಶುರುವಾಗಿ ಎಲ್ಲವೂ ಅದರಲ್ಲಿತ್ತು.

ಪಾಸ್ ಕಚೇರಿಯ ಗುಮಾಸ್ತರು ಊಟದ ಹೊತ್ತು ಬಿಟ್ಟು ಹನ್ನೊಂದು ಪುಟವನ್ನೂ ಓದಿದರು. ಮುಂದೆ ಅವರೇ ಆ ಕಚೇರಿಯ ಅಧಿಕಾರಿಯಾದರು, ನಾವು ಅವರನ್ನು ಪಾಸ್ ಸಾಹೇಬರು ಎನ್ನುತ್ತೇವೆ. ಓದಿ ಮುಗಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಏಳನೇ ಪುಟದಲ್ಲಿ ಜಗಳ ಆಯ್ತು ಅಂತಿದೆ. ರಾಜಿ ಆಗಿದೆಯಾ?"

"ಆಗಿದೆ. ಒಂಬತ್ತನೇ ಪುಟ."

"ಹೌದಲ್ಲ," ಎಂದು ಪುಟ ಹಿಂದೆ ಹಾಕಿ ನೋಡಿಕೊಂಡು, ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಸಂಬಂಧದ ಕಲಮಿನಲ್ಲಿ 'ಜೊತೆಗಾತಿ' ಎಂದು ಬರೆದರು. ಇಬ್ಬರ ಫೋಟೋ ಅಕ್ಕಪಕ್ಕ ಅಂಟಿಸಿ, ದುಂಡು ಸೀಲನ್ನು ಎರಡರ ಮೇಲೂ ಬೀಳುವಂತೆ ಒತ್ತಿದರು.

ಆ ತಾರೀಖೇ ಇಬ್ಬರಿಗೂ ಹಬ್ಬವಾಯಿತು. ಪಾಸನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಮುಂಚೆಯೂ ಮಾಡಿಸಬಹುದು. ಆದರೆ ಇವರು ಹದಿನೇಳು ವರ್ಷವೂ ಅದೇ ತಾರೀಖಿಗೆ, ದರ್ಜಿ ಹೊಲಿದ ಹೊಸ ಬಟ್ಟೆ ತೊಟ್ಟು, ಕೌಂಟರಿನವರಿಗೆ ಸಿಹಿ ಹಿಡಿದುಕೊಂಡು ಹೋಗುತ್ತಿದ್ದರು. ಸರತಿಯಲ್ಲಿ ನಿಂತ ಅಪರಿಚಿತರಿಗೂ ಸಿಹಿ ಸಿಗುತ್ತಿತ್ತು. ಅವರು ಬಸ್ ದರ ಇಳಿದಿರಬಹುದೆಂದು ಭಾವಿಸುತ್ತಿದ್ದರು.

ಅದೇ ಕಚೇರಿಯಲ್ಲಿ ಹನ್ನೆರಡಕ್ಕ ಒಮ್ಮೆ ಇಪ್ಪತ್ತಮೂರು ದಿನ ಹೋರಾಡಿದ್ದೂ ಉಂಟು. ನಮ್ಮ ಸಂಘದ ಗಡಿಯಾರ ರಿಪೇರಿಯವನ ಪಾಸನ್ನು ಅವನ ಚಿಕ್ಕಪ್ಪ, "ಇವನು ಎಲ್ಲಿಗೂ ಹೋಗಬೇಕಾಗಿಲ್ಲ," ಎಂದು ಹೇಳಿ ಕಚೇರಿಗೆ ಒಪ್ಪಿಸಿಬಿಟ್ಟಿದ್ದ. ಅವನು ಯಾರನ್ನು ನೋಡಲು ಹೋಗುತ್ತಾನೆಂದು ಮನೆಯಲ್ಲಿ ಗೊತ್ತಾಗಿತ್ತು. ಹನ್ನೆರಡಕ್ಕ ದಿನವೂ ಬೆಳಿಗ್ಗೆ ಹತ್ತಕ್ಕೆ ಸರತಿಯಲ್ಲಿ ನಿಂತು, ಕೌಂಟರಿಗೆ ಬಂದು, ಆ ಪಾಸು ವಾಪಸು ಕೊಡಿ ಎನ್ನುವಳು. ಆಗಲ್ಲ ಎಂದರೆ ಸರತಿಯ ಕೊನೆಗೆ ಹೋಗುವಳು. ಮಧ್ಯಾಹ್ನದ ಮೇಲೆ ಬೇರೆ ಯಾರೂ ಇರುತ್ತಿರಲಿಲ್ಲ. ಆದರೂ ಕೊನೆಗೆ ಹೋಗಿ, ತನ್ನ ಹಿಂದೆ ತಾನೇ ನಿಂತು, ಮತ್ತೆ ಮುಂದೆ ಬರುವಳು. ಹದಿನಾಲ್ಕನೆಯ ದಿನ ಇಲಾಖೆ ಸೋತು, ಹೊಸ ನಿಯಮ ಬರೆಯಲು ಒಪ್ಪಿತು. ಉಳಿದ ಒಂಬತ್ತು ದಿನ ಹಿಡಿದದ್ದು ಎರಡು ಪದಕ್ಕೆ.

"ಎಲ್ಲಾ ಸರಿ. ಆದರೆ 'ಯಾವುದೇ ಸಂದರ್ಭದಲ್ಲಿ' ಅಂತ ಹಾಕಬೇಡಿ," ಎಂದು ಪಾಸ್ ಸಾಹೇಬರು ಬೇಡಿಕೊಂಡರು. "ನಿಯಮ ಅಂದ ಮೇಲೆ ಒಂದು ಸಂದು ಇರಬೇಕು."

"ಆ ಸಂದಲ್ಲೇ ಸಾರ್ ಚಿಕ್ಕಪ್ಪಂದಿರು ನುಗ್ಗೋದು."

ಎರಡು ಪದವೂ ನಿಯಮದಲ್ಲಿ ಸೇರಿದವು.

ಕೊನೆಯ ವರ್ಷ ಹನ್ನೆರಡಕ್ಕನಿಗೆ ಬೆನ್ನುನೋವಿನಿಂದ ಕೂರಲು ಆಗುತ್ತಿರಲಿಲ್ಲ. ಮಲಗಿಕೊಂಡೇ ಸಭೆ ನಡೆಸುತ್ತಿದ್ದಳು. ಒಬ್ಬರು ಮಲಗಿದರೆ ಉಳಿದವರೂ ಮಲಗಬಹುದೆಂದು ಅಪ್ಪಣೆಯಾಯಿತು. ಆಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಹನ್ನೊಂದು ದಿನ ಆಸ್ಪತ್ರೆ. ಒಂದು ಗುರುವಾರ ಮಧ್ಯಾಹ್ನ ಮೂರು ನಲವತ್ತಕ್ಕೆ ಮುಗಿಯಿತು.

ಅವಳಿಗೆ ಒಬ್ಬ ಅಣ್ಣ. ಕನ್ನಡಕದಂಗಡಿ ಇಟ್ಟು ಮೂವತ್ತು ವರ್ಷ ಜನರ ಕಣ್ಣು ಪರೀಕ್ಷಿಸಿದವರು. ಕೆಟ್ಟ ಮನುಷ್ಯರಲ್ಲ, ಅಚ್ಚುಕಟ್ಟಿನ ಮನುಷ್ಯರು. ತಂಗಿಯ ಮನೆಗೆ ವರ್ಷಕ್ಕೆರಡು ಸಲ ಬಂದು, ದರ್ಜಿ ಕೊಟ್ಟ ಚಹಾ ಕುಡಿದು, "ನಿಮ್ಮಿಂದ ಅವಳಿಗೆ ತುಂಬಾ ಉಪಕಾರವಾಗ್ತಿದೆ," ಎಂದು ಹೇಳಿ ಹೋಗುತ್ತಿದ್ದರು. ಹದಿನೆಂಟು ವರ್ಷವೂ ಅದೇ ವಾಕ್ಯ, ಅದೇ ನೀವು. ತಂಗಿ ಸತ್ತ ಐದನೆಯ ದಿನ ಅವರು ಬಂದು ಕಾಗದಪತ್ರಗಳನ್ನೆಲ್ಲ ನೀಲಿ ಫೈಲೊಂದರಲ್ಲಿ ಜೋಡಿಸಿಕೊಂಡರು. ಯಾವುದನ್ನು ಯಾವ ಕಚೇರಿಗೆ ಹಿಂತಿರುಗಿಸಬೇಕೆಂದು ಪಟ್ಟಿಯನ್ನೂ ಮಾಡಿದ್ದರು.

"ಅಣ್ಣಾ, ಬೇರೆ ಎಲ್ಲಾ ತಗೊಂಡು ಹೋಗಿ," ಎಂದಳು ದರ್ಜಿ. "ಆ ಬಸ್ ಪಾಸು ಮಾತ್ರ ಇಲ್ಲಿರಲಿ."

"ಅದು ಸರ್ಕಾರದ ಸ್ವತ್ತಮ್ಮ. ತಿಂಗಳೊಳಗೆ ಒಪ್ಪಿಸಬೇಕು ಅಂತ ಕಚೇರಿಯಿಂದ ಕಾಗದ ಬಂದಿದೆ. ಅವಳಿಲ್ಲದೆ ನಿಮಗೆ ಅದರಿಂದ ಉಪಯೋಗನೂ ಇಲ್ಲವಲ್ಲ."

ಅದು ನಿಜವೇ ಆಗಿತ್ತು. ಅವರು ಹೋದ ಮೇಲೆ ದರ್ಜಿ ನನಗೆ ಹೇಳಿದಳು: "ನಾವಿಬ್ಬರೂ ಇರೋ ಫೋಟೋ ಬೇಕಾದಷ್ಟಿವೆ ಟೇಪು. ಸೀಲು ಬಿದ್ದಿರೋದು ಅದೊಂದೇ. ಅದು ಹೋದರೆ ನಾನು ಈ ಮನೇಲಿ ಹದಿನೆಂಟು ವರ್ಷ ಏನು ಮಾಡ್ತಿದ್ದೆ ಅನ್ನೋದಕ್ಕೆ ಒಂದು ಚೂರು ಕಾಗದನೂ ಇಲ್ಲ."

ಪಾಸು ಹದಿನೈದು ಸೆಂಟಿಮೀಟರ್ ಉದ್ದ, ಹತ್ತು ಅಗಲ. ಅವಳು ಕೇಳಿದ್ದು ಅಷ್ಟೇ.

ಅಣ್ಣನೇ ಮುಂದೆ ನಿಂತು ನುಡಿನಮನದ ಸಭೆ ಏರ್ಪಡಿಸಿದರು. ಆಹ್ವಾನಪತ್ರದ ಕೊನೆಯಲ್ಲಿ 'ಹದಿನೆಂಟು ವರ್ಷ ಸೇವೆ ಸಲ್ಲಿಸಿದ ಸಹಾಯಕಿಯವರಿಗೆ ಕೃತಜ್ಞತೆ' ಎಂದು ಅಚ್ಚು ಹಾಕಿಸಿದ್ದರು. ಪಾಸ್ ಸಾಹೇಬರನ್ನೂ ಕರೆದಿದ್ದರು, ಪಾಸನ್ನು ಎಲ್ಲರೆದುರು ಒಪ್ಪಿಸಿದರೆ ಒಂದು ಗೌರವ ಎಂದು ಅವರ ಯೋಚನೆ. ಸಭಾಂಗಣ ಮಾತ್ರ ಸಂಘದವರು ಒಪ್ಪಿದ್ದೇ ಆಗಬೇಕೆಂದು ಅಣ್ಣನೇ ಹೇಳಿದರು. ನಾನು ಹೋಗಿ ಅಳೆದೆ. ಅದು ಎರಡನೆಯ ಮಹಡಿಯಲ್ಲಿತ್ತು. ಗೇಟಿನ ಇಳಿಜಾರು ಒಂದಕ್ಕೆ ಹನ್ನೆರಡು ಪಾಯಿಂಟ್ ಮೂರು. ಮುಂಬಾಗಿಲು ತೊಂಬತ್ತೊಂದು ಸೆಂಟಿಮೀಟರ್. ಲಿಫ್ಟಿನ ಬಾಗಿಲು ಎಂಬತ್ತನಾಲ್ಕು, ಒಳಗೆ ಒಂದು ಮೀಟರ್ ನಲವತ್ತು. ಎಲ್ಲ ಸರಿಯಿದೆ ಎಂದು ಸಹಿ ಹಾಕಿದೆ.

ಭಾನುವಾರ ಸಂಜೆ ನಾಲ್ಕಕ್ಕೆ ಮೊದಲ ಗಾಲಿಕುರ್ಚಿ ಲಿಫ್ಟಿನೊಳಗೆ ಹೋಯಿತು. ಬಾಗಿಲು ಮುಚ್ಚಿತು, ಮೇಲೆ ಏರಿತು, ತೆರೆಯಿತು. ಎದುರಿಗೆ ಒಂದು ಗೋಡೆ. ಬಲಕ್ಕೆ ಒಂಬತ್ತು ಮೆಟ್ಟಿಲು ಮೇಲಕ್ಕೆ, ಎಡಕ್ಕೆ ಒಂಬತ್ತು ಮೆಟ್ಟಿಲು ಕೆಳಕ್ಕೆ. ಕಟ್ಟಡ ಕಟ್ಟಿ ಎಷ್ಟೋ ವರ್ಷದ ಮೇಲೆ ಕೂಡಿಸಿದ ಲಿಫ್ಟು ಅದು. ಯಾವ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ, ಎರಡು ಮಹಡಿಗಳ ನಡುವೆ ನಿಲ್ಲುತ್ತಿತ್ತು.

ಯಾರೂ ನನ್ನನ್ನು ಬಯ್ಯಲಿಲ್ಲ. ಈಗ ಸಂಘದ ಅಧ್ಯಕ್ಷೆಯಾಗಿರುವ ಆಪರೇಟರು ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು, ಹುಟ್ಟುಕುರುಡಿ. ಅವಳು ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿ ಕೇಳಿದಳು: "ಟೇಪು, ನೀನು ಅಳೆದೆ. ಹೋಗಿ ನೋಡಿದ್ದು ಯಾರು?"

ಯಾರೂ ನೋಡಿರಲಿಲ್ಲ. ಹತ್ತೊಂಬತ್ತು ವರ್ಷ ಹೋಗಿ ನೋಡುತ್ತಿದ್ದವಳು ಒಬ್ಬಳೇ.

ಅಣ್ಣ ಎರಡನೆಯ ಮಹಡಿಯ ಕಂಬಿಯ ಮೇಲಿಂದ ಬಗ್ಗಿದರು. ಅವರ ಹಿಂದೆ ವೇದಿಕೆ, ಮೈಕು, ತಂಗಿಯ ಫೋಟೋ, ಹನ್ನೊಂದು ಮಂದಿ ನೆಂಟರು. ಕೆಳಗೆ ಹದಿನಾಲ್ಕು ಗಾಲಿಕುರ್ಚಿ, ಆರು ಊರುಗೋಲು, ಉಳಿದ ನಾವು.

"ಶುರು ಮಾಡೋಣವಾ?" ಎಂದು ಅವರು ಕೇಳಿದರು.

"ಮಾಡೋ ಹಾಗಿಲ್ಲ ಸಾರ್. ಕೊನೆಯವರು ಒಳಗೆ ಬಂದಿಲ್ಲ," ಎಂದಳು ಆಪರೇಟರು.

"ಎತ್ಕೊಂಡು ಬರಬಹುದಲ್ಲ?"

ಕೆಳಗೆ ಎಂಥ ಮೌನ ಹಬ್ಬಿತೆಂದರೆ ಅಣ್ಣನಿಗೆ ತಾನೇನೋ ಅಶ್ಲೀಲ ಮಾತಾಡಿದೆನೆಂದು ಗೊತ್ತಾಯಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ.

ಕಟ್ಟಡದ ನೆಲಮಹಡಿಯಲ್ಲಿ ಒಂದು ಹಾಸಿಗೆ ಅಂಗಡಿಯಿತ್ತು. ಬಾಗಿಲು ಅಗಲ, ಹೊಸಿಲೇ ಇಲ್ಲ. ಅಂಗಡಿಯವನು ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದ. ಒಂದು ಗಂಟೆ ಜಾಗ ಕೊಡಬಹುದಾ ಎಂದು ಆಪರೇಟರು ಕೇಳಿದಳು.

"ಸಭೆಗೆಲ್ಲಾ ಕೊಡೋಕಾಗಲ್ಲಮ್ಮ, ಮಾಲೀಕರು ಬೈತಾರೆ. ಗಿರಾಕಿಗಳಾದರೆ ಎಷ್ಟು ಹೊತ್ತು ಬೇಕಾದರೂ ಇರಬಹುದು."

"ಗಿರಾಕಿ ಅಂದರೆ ಏನು ಮಾಡಬೇಕಪ್ಪಾ?"

"ಮಲಗಿ ನೋಡಬೇಕು, ಅಷ್ಟೇ. ಚಪ್ಪಲಿ ಬಿಚ್ಚಿ. ಪ್ಲಾಸ್ಟಿಕ್ ಮಾತ್ರ ಕೀಳಬೇಡಿ."

ಹೀಗೆ ಹನ್ನೆರಡಕ್ಕನ ನುಡಿನಮನದ ಸಭೆ ಹತ್ತೊಂಬತ್ತು ಹಾಸಿಗೆಗಳ ಮೇಲೆ, ಐವತ್ತಕ್ಕೂ ಹೆಚ್ಚು ಜನ ಮಲಗಿಕೊಂಡಿರುವಾಗ ಶುರುವಾಯಿತು. ಯಾರು ಮಗ್ಗುಲಾದರೂ ಪ್ಲಾಸ್ಟಿಕ್ ಚರಚರ ಎನ್ನುತ್ತಿತ್ತು. ಅಣ್ಣ ಫೋಟೋ ಮತ್ತು ನೀಲಿ ಫೈಲು ಹಿಡಿದು ಇಳಿದು ಬಂದರು. ಫೋಟೋವನ್ನು ಎರಡು ತಲೆದಿಂಬಿಗೆ ಒರಗಿಸಿದರು. ತಾವು ಹಾಸಿಗೆಯ ಅಂಚಿಗೆ ಕೂತಾಗ ಅಂಗಡಿಯವನು ಬಂದು, "ಕೂತರೆ ಗೊತ್ತಾಗಲ್ಲ ಸಾರ್, ಮಲಗಿ," ಎಂದ. ಬೆನ್ನುನೋವಿನವರಿಗೆಂದು ಮಾಡಿದ ಗಟ್ಟಿ ಹಾಸಿಗೆಯ ಮೇಲೆ ಅವರು ಕೋಟಿನ ಸಮೇತ ಮಲಗಿದರು. ಅವರ ಪಕ್ಕಕ್ಕೆ ಪಾಸ್ ಸಾಹೇಬರು. ಅವರು ರಜಾದಿನವೂ ಕಚೇರಿಯ ವಹಿ ಮತ್ತು ಪಾಸ್ ಹಿಂತಿರುಗಿಸುವ ನಮೂನೆ ತಂದಿದ್ದರು. ವಹಿಯನ್ನು ಎದೆಯ ಮೇಲಿಟ್ಟುಕೊಂಡು, ಕೈ ಕಟ್ಟಿ, ಛಾವಣಿ ನೋಡುತ್ತ ಮಲಗಿದರು. ದರ್ಜಿ ಗೋಡೆಯ ಬದಿಯ ಕೊನೆಯ ಹಾಸಿಗೆಯಲ್ಲಿದ್ದಳು. ನಾನು ಅವಳ ಪಕ್ಕ.

ಕಾಣದವರಿಗಾಗಿ ಮೊದಲು ಎಲ್ಲರೂ ತಾವು ಯಾರು, ಹೇಗಿದ್ದೇವೆಂದು ಹೇಳಬೇಕು. ಅಣ್ಣನ ಸರದಿ ಬಂತು.

"ನಾನು... ಅವಳ ಅಣ್ಣ. ಎತ್ತರ ಐದಡಿ ಏಳಂಗುಲ. ಕನ್ನಡಕ ಇದೆ. ಕೂದಲು ಇತ್ತು. ಈಗ ಮಲಗಿದೀನಿ."

"ಮಲಗಿರೋದು ಗೊತ್ತಾಗ್ತಿದೆ ಸಾರ್, ಸ್ವಲ್ಪ ಅಲ್ಲಾಡದೆ ಮಲಗಿ," ಎಂದಳು ಆಪರೇಟರು.

ಅಣ್ಣ ಫೈಲಿನಿಂದ ಪಾಸನ್ನು ತೆಗೆದು ಮೇಲಕ್ಕೆ ಹಿಡಿದರು. "ಭಾಷಣ ನನಗೆ ಬರಲ್ಲ. ಇದನ್ನ ಎಲ್ಲರೆದುರಿಗೆ ಸಾಹೇಬರಿಗೆ ಒಪ್ಪಿಸಿಬಿಟ್ಟರೆ ತಂಗಿಯ ಕೊನೆ ಕೆಲಸ ಮುಗಿದ ಹಾಗಾಗುತ್ತೆ."

ನನ್ನ ಪಕ್ಕದ ಪ್ಲಾಸ್ಟಿಕ್ ಒಮ್ಮೆ ಚರ್ ಎಂದು ಸುಮ್ಮನಾಯಿತು.

"ಇದನ್ನ ಅಂದರೆ ಯಾವುದನ್ನ?" ಎಂದಳು ಆಪರೇಟರು. "ತೋರಿಸಿದ್ದನ್ನ ಹೇಳಬೇಕು ಸಾರ್. ನಿಮ್ಮ ತಂಗಿ ಮಾಡಿದ ನಿಯಮ."

"ಬಸ್ ಪಾಸು."

"ಹೇಗಿದೆ?"

"ಹೇಗಿದೆ ಅಂದರೆ... ಎರಡು ಫೋಟೋ ಇವೆ. ಎಡಗಡೆ ನನ್ನ ತಂಗಿ. ಬಲಗಡೆ ಇವರು."

"ಇವರು ಅಂದರೆ ಯಾರು? ನನಗೆ ಇಲ್ಲಿರೋ ಐವತ್ತು ಜನರೂ ಇವರೇ."

"ದರ್ಜಿ. ಇಬ್ಬರೂ ನಗ್ತಿದಾರೆ." ಅವರು ಪಾಸನ್ನು ಹತ್ತಿರ ತಂದುಕೊಂಡರು. "ಪಾಸಿನ ಫೋಟೋದಲ್ಲಿ ನಗಬಾರದು ಅಂತ ಇರುತ್ತಲ್ಲವಾ?"

"ಇದೆ," ಎಂದರು ಪಾಸ್ ಸಾಹೇಬರು ಛಾವಣಿಗೆ. "ಆರು ಸಲ ತೆಗೆಸಿಕೊಂಡು ಬನ್ನಿ ಅಂದೆ. ಆರು ಸಲವೂ ನಕ್ಕೇ ಬಂದರು."

"ಆಮೇಲೆ?" ಎಂದಳು ಆಪರೇಟರು.

"ಸೀಲಿದೆ. ಅರ್ಧ ಈ ಫೋಟೋ ಮೇಲೆ, ಅರ್ಧ ಆ ಫೋಟೋ ಮೇಲೆ. ಕೆಳಗೆ ಸಂಬಂಧ ಅಂತ ಇದೆ." ಅಣ್ಣ ಕನ್ನಡಕ ತೆಗೆದು, ಕೋಟಿ‌ನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಜೊತೆಗಾತಿ."

"ಸಹಾಯಕಿ ಅಂತ ಇಲ್ಲವಾ ಸಾರ್?" ಎಂದಿತು ದೂರದ ಹಾಸಿಗೆಯಿಂದ ಒಂದು ದನಿ. "ಆಹ್ವಾನಪತ್ರದಲ್ಲಿ ಹಾಗಿತ್ತು."

"ಇಲ್ಲ. ಇದರಲ್ಲಿ ಹಾಗಿಲ್ಲ."

"ಹಿಂದೆ ತಿರುಗಿಸಿ," ಎಂದಳು ಆಪರೇಟರು.

ಅಣ್ಣ ತಿರುಗಿಸಿದರು. ಕಣ್ಣು ಪರೀಕ್ಷೆಗೆ ಬಂದವರು ಅಕ್ಷರದ ಹಲಗೆ ಓದುವಂತೆ ಒಂದೊಂದೇ ಸಾಲು ಓದಿದರು. "ಜೊತೆಗಾತಿಯು ಪಾಸ್‌ದಾರರಿಲ್ಲದೆ ಪ್ರಯಾಣಿಸತಕ್ಕದ್ದಲ್ಲ. ಪಾಸ್‌ದಾರರನ್ನು ದಾರಿಯಲ್ಲಿ ಬಿಟ್ಟು ಇಳಿಯತಕ್ಕದ್ದಲ್ಲ. ಪಾಸ್‌ದಾರರು ತಲುಪಬೇಕಾದ ಸ್ಥಳವನ್ನು ತಲುಪುವವರೆಗೆ ಜೊತೆಯಲ್ಲಿರತಕ್ಕದ್ದು." ಬೆರಳನ್ನು ಕೆಳಗಿಳಿಸಿದರು. "ಕೆಳಗೆ ನವೀಕರಣದ ಸೀಲುಗಳು. ಹದಿನೇಳಿವೆ. ಎಲ್ಲಾದಕ್ಕೂ ಒಂದೇ ತಾರೀಖು. ಯಾಕೆ ಒಂದೇ ತಾರೀಖು?"

"ಅವತ್ತು ನಮ್ಮ ದಿನ ಅಣ್ಣಾ," ಎಂದಳು ದರ್ಜಿ. ಸಭೆಯಲ್ಲಿ ಅವಳು ಆಡಿದ ಮೊದಲ ಮಾತು ಅದು.

ಅಣ್ಣನ ಕೈ ಪಾಸು ಹಿಡಿದುಕೊಂಡು ಗಾಳಿಯಲ್ಲೇ ನಿಂತಿತ್ತು. ಸಾಹೇಬರಿಗೆ ಕೊಡಬೇಕಾದ ಕೈ. ಯಾಂತ್ರಿಕವಾಗಿ ಅದು ಪಕ್ಕಕ್ಕೆ ವಾಲಿತು. ಪಾಸ್ ಸಾಹೇಬರು ತೆಗೆದುಕೊಳ್ಳಲಿಲ್ಲ. ಎದ್ದು ಕೂತು ವಹಿ ತೆರೆದರು.

"ಕಾಗದ ಕಳಿಸಿದ್ದು ಹೌದು, ಅದು ಕಂಪ್ಯೂಟರು ತಾನಾಗೇ ಕಳಿಸುತ್ತೆ," ಎಂದರು. "ಆದರೆ ನಾನು ತಗೊಳ್ಳೋ ಹಾಗಿಲ್ಲ. ನಿಯಮ ಓದ್ತೀನಿ. 'ಪಾಸನ್ನು ಪಾಸ್‌ದಾರರು ಖುದ್ದಾಗಿ ಹಾಜರಾಗಿ ಹಿಂತಿರುಗಿಸತಕ್ಕದ್ದು. ಯಾವುದೇ ಸಂದರ್ಭದಲ್ಲಿ ಕುಟುಂಬದವರಿಂದ ಪಡೆಯತಕ್ಕದ್ದಲ್ಲ.'"

"ಅವಳು ಹೇಗೆ ಬರ್ತಾಳೆ ಸಾರ್?" ಎಂದರು ಅಣ್ಣ.

"ಅದನ್ನೇ ನಾನೂ ಕೇಳಿದ್ದೆ, ಆ ಎರಡು ಪದ ಸೇರಿಸೋ ದಿನ. ಸತ್ತರೆ ಏನು ಮಾಡ್ತೀರಮ್ಮ ಅಂದೆ. ಖುದ್ದಾಗಿ ಬಂದು ಕೊಡ್ತೀನಿ ಸಾರ್, ನೀವು ಕೌಂಟರಲ್ಲಿ ಇರಿ ಅಂದರು." ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಅವರು ಮಾತಿಗೆ ತಪ್ಪಿದವರಲ್ಲ. ಕಾಯೋದು ನನ್ನ ಕರ್ತವ್ಯ."

"ಅಲ್ಲೀತನಕ ಇದು ಯಾರ ಹತ್ತಿರ ಇರಬೇಕು?"

"ಅವರು ಬರೋವಾಗ ಜೊತೆಗಾತಿ ಜೊತೆಯಲ್ಲೇ ಬರಬೇಕಲ್ಲ ಸಾರ್. ಅವರ ಹತ್ತಿರ ಇದ್ದರೆ ಅನುಕೂಲ."

ಹಾಸಿಗೆಗಳ ನಡುವೆ ನಡೆಯಲು ದಾರಿಯಿರಲಿಲ್ಲ. ಅಣ್ಣ ಮಂಡಿಯೂರಿ, ಒಂದು ಕೈಯಲ್ಲಿ ಪಾಸು ಹಿಡಿದು, ನಾಲ್ಕು ಹಾಸಿಗೆಗಳನ್ನೂ ಅವುಗಳ ಮೇಲಿದ್ದ ಒಂಬತ್ತು ಜನರನ್ನೂ ದಾಟಿ ಅಂಬೆಗಾಲಿಟ್ಟು ಬಂದರು. ಪ್ರತಿಯೊಬ್ಬರನ್ನೂ "ದಾಟಬಹುದಾ?" ಎಂದು ಕೇಳಿಕೊಂಡು ಬಂದರು. ಯಾರೂ ಹೇಳಿಕೊಟ್ಟಿರಲಿಲ್ಲ.

"ತಗೋಮ್ಮ," ಎಂದರು ದರ್ಜಿಗೆ. "ಜೋಪಾನವಾಗಿಟ್ಕೋ."

ದರ್ಜಿ ಪಾಸನ್ನು ತೆಗೆದುಕೊಂಡು, ಕುಪ್ಪಸಕ್ಕೆ ತಾನೇ ಹೊಲಿದುಕೊಂಡ ಒಳಜೇಬಿನಲ್ಲಿಟ್ಟಳು. ಸರಿಯಾಗಿ ಕೂತಿತು, ಜೇಬನ್ನು ಆ ಅಳತೆಗೇ ಹೊಲಿದಿದ್ದಳು. ಆಮೇಲೆ ಹೊಟ್ಟೆಯ ಮೇಲೆ ಮಗುಚಿಕೊಂಡು, ಮುಖವನ್ನು ಪ್ಲಾಸ್ಟಿಕ್ಕಿಗೆ ಒತ್ತಿ ಅತ್ತಳು. ಅಂಗಡಿಯವನು ಬಂದು ನನ್ನ ಕಿವಿಯಲ್ಲಿ, "ಆ ಹಾಸಿಗೆ ಇಷ್ಟ ಆಗಲಿಲ್ಲವೇನೋ, ಬೇರೆ ತೋರಿಸಲಾ?" ಎಂದ. ಬೇಡ, ಅದೇ ಸರಿಯಿದೆ ಎಂದೆ. ಆ ದಿನ ಅವನಿಗೆ ನಿಜಕ್ಕೂ ಮೂರು ಹಾಸಿಗೆ ಮಾರಾಟವಾದವು. ಗಟ್ಟಿಯದನ್ನು ಅಣ್ಣನೇ ಕೊಂಡರು.

ಈಗ ಮೂರು ತಿಂಗಳಿಗೊಮ್ಮೆ ಕಂಪ್ಯೂಟರಿನಿಂದ ಹನ್ನೆರಡಕ್ಕನ ಹೆಸರಿಗೆ ಕಾಗದ ಬರುತ್ತದೆ: ಪಾಸ್‌ದಾರರು ಜೊತೆಗಾತಿಯೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಇಬ್ಬರ ಹೆಸರೂ ಇರುತ್ತದೆ. ದರ್ಜಿ ಅದನ್ನು ಹೊಲಿಗೆಯಂತ್ರದ ಮೇಲಿನ ಗೋಡೆಗೆ ಸೂಜಿಯಿಂದ ಚುಚ್ಚಿಟ್ಟು, ಕಾರ್ಡಿನಲ್ಲಿ ಉತ್ತರ ಬರೆಯುತ್ತಾಳೆ: 'ಅವಳು ಇನ್ನೂ ಬಂದಿಲ್ಲ. ಬಂದ ಕೂಡಲೇ ಇಬ್ಬರೂ ಬರುತ್ತೇವೆ.' ಪಾಸ್ ಸಾಹೇಬರು ಅದನ್ನು ಫೈಲಿಗೆ ಸೇರಿಸುತ್ತಾರೆ.

ಬರುವ ವರ್ಷ ಅವರಿಗೆ ನಿವೃತ್ತಿ. ಅವರ ಜಾಗಕ್ಕೆ ಬರುವವರಿಗೆ ಈಗಲೇ ಹೇಳಿಟ್ಟಿದ್ದಾರಂತೆ: ಇಬ್ಬರು ಬರೋದಿದೆ, ಒಬ್ಬರಿಗೆ ಸ್ವಲ್ಪ ತಡ ಆಗಿದೆ, ಬಾಗಿಲ ಇಳಿಜಾರು ಸರಿಯಾಗಿರಲಿ. ಅದಕ್ಕಾಗಿ ನನ್ನನ್ನು ಕರೆಸಿದ್ದರು. ಪಕ್ಕದ ಆಸ್ಪತ್ರೆಯಿಂದ ಒಂದು ಗಾಲಿಕುರ್ಚಿ ಕೇಳಿ ತಂದು, ಅದರಲ್ಲಿ ಕೂತು, ಹತ್ತಿ, ತಿರುಗಿ, ಕೌಂಟರಿನವರೆಗೆ ಹೋಗಿ ಬಂದೆ. ಆಮೇಲೆ ಅಳೆದೆ. ಒಂದಕ್ಕೆ ಹನ್ನೆರಡು ಪಾಯಿಂಟ್ ಎರಡು.